ತೆರಿಗೆ ಕಡಿತ: ಇಳಕಲ್ ಮಗ್ಗಕ್ಕೆ ದಕ್ಕುವುದೆಷ್ಟು?

ಬಾಗಲಕೋಟೆ: ಆರ್ಥಿಕತೆ ಮಂದಗತಿಗೆ ಇಳಿದಾಗ ಬೇಡಿಕೆ ಹೆಚ್ಚಿಸಲು ಸರ್ಕಾರಗಳು ಕೈಗೊಳ್ಳುವ ಕ್ರಮಗಳಲ್ಲಿ ತೆರಿಗೆ ಕಡಿತವೂ ಒಂದು. ಅದರ ಫಲ ಯಾರಿಗೆ ಎಂಬುದು ಯಾವ ತೆರಿಗೆ ಇಳಿಯಿತು ಎಂಬುದನ್ನು ಅವಲಂಬಿಸಿದೆ.

2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರವು ಕಂಪೆನಿ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿತು. ಬೊಕ್ಕಸಕ್ಕೆ ವಾರ್ಷಿಕ 1.45 ಲಕ್ಷ ಕೋಟಿ ರೂ. ಖೋತಾ ಆಗುವುದೆಂದು ಅಂದಾಜಿಸಲಾಗಿತ್ತು. ಮನೆಯಲ್ಲೇ ಮಗ್ಗ ನಡೆಸುವ ಇಳಕಲ್ ನೇಕಾರರು ಕಂಪೆನಿ ತೆರಿಗೆ ಕಟ್ಟುವವರಲ್ಲ. ಆ ರಿಯಾಯಿತಿ ಅವರನ್ನು ನೇರವಾಗಿ ತಲುಪಲಿಲ್ಲ.

2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆ ಜಿಲ್ಲೆಗೆ ಹೆಚ್ಚು ಹತ್ತಿರದ್ದು. ಸೀರೆಗೆ ಬಳಸುವ ಕೃತಕ ರೇಷ್ಮೆ ನೂಲು, ಇಳಕಲ್-ಹುನಗುಂದ ಭಾಗದ ಕೆಂಪು ಗ್ರಾನೈಟ್ ಬ್ಲಾಕ್, ಬಾದಾಮಿಯ ಪ್ರವಾಸಿಗರು ತಂಗುವ 7,500 ರೂ.ವರೆಗಿನ ಹೋಟೆಲ್ ಕೊಠಡಿ: ಮೂರರ ತೆರಿಗೆಯೂ ಶೇ. 12ರಿಂದ 5ಕ್ಕೆ ಇಳಿಯಿತು. ಸೀರೆಯ ಮೇಲಿನ ಶೇ. 5 ಮಾತ್ರ ಬದಲಾಗಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಉಂಟು. ರಾಜ್ಯದೊಳಗಿನ ವಹಿವಾಟಿನ ಜಿಎಸ್‌ಟಿಯಲ್ಲಿ ಅರ್ಧ ಪಾಲು ರಾಜ್ಯದ್ದು. ಮಾರಾಟ ಹೆಚ್ಚದಿದ್ದರೆ ನೇಕಾರ ಸಮ್ಮಾನ್‌ನಂತಹ ಯೋಜನೆಗಳಿಗೆ ಹಣ ಒದಗಿಸುವ ಬೊಕ್ಕಸವೇ ಸೊರಗುತ್ತದೆ. ಮಾಲೀಕರಿಂದ ನೂಲು ಪಡೆದು ಕೂಲಿಗೆ ನೇಯುವವರಿಗಂತೂ ನೂಲಿನ ಉಳಿತಾಯ ದಕ್ಕುವುದು ಕೂಲಿ ಏರಿದಾಗ ಮಾತ್ರ.