ಆವೃತ್ತಿ ದ್ವಿಗುಣನ: ಲೇಸರ್ ಬೆಳಕು ಮತ್ತು ಸ್ಫಟಿಕ ಕೃಷಿ

ವಸ್ತುವಿನ ಸಂಪರ್ಕದಿಂದ ಬೆಳಕಿನ ಆವೃತ್ತಿಯೇ ಬದಲಾಗಬಲ್ಲದೆಂಬ ವಿಚಾರಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. ಚದುರಿದ ಬೆಳಕಿನಲ್ಲಿ ಕಂಡ ಹೊಸ ವಿಕಿರಣವನ್ನು ಕುರಿತು ಸಿ. ವಿ. ರಾಮನ್ ಅವರು 1928ರ ಮಾರ್ಚ್ 16ರಂದು ಉಪನ್ಯಾಸವಿತ್ತದ್ದು ಈ ನಗರದಲ್ಲಿಯೇ. ಲೇಸರಿನ ಆಗಮನದ ತರುವಾಯ ಈ ವಿಚಾರವು ಬೇರೊಂದು ದಾರಿಯಲ್ಲಿ ಬೆಳೆಯಿತು.

1961ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ 694.3 ನ್ಯಾನೋಮೀಟರ್ ತರಂಗದೂರದ ಕೆಂಪು ಬೆಳಕನ್ನು ಕ್ವಾರ್ಟ್ಸ್ ಸ್ಫಟಿಕದಲ್ಲಿ ಹಾಯಿಸಿ, ಇಮ್ಮಡಿ ಆವೃತ್ತಿಯ ಅತಿನೇರಳೆ ಬೆಳಕನ್ನು ಪಡೆದರು. ಅದರ ಪ್ರಮಾಣ ಅತ್ಯಲ್ಪ. ಸ್ಫಟಿಕದೊಳಗೆ ಎರಡೂ ಬೆಳಕುಗಳ ವೇಗ ಬೇರೆಯಾದುದರಿಂದ, ಬೇರೆಬೇರೆ ಎಡೆಗಳಲ್ಲಿ ಹುಟ್ಟಿದ ಅಲೆಗಳು ಒಂದನ್ನೊಂದು ಅಳಿಸುತ್ತಿದ್ದವು. ಸ್ಫಟಿಕವನ್ನು ತಕ್ಕ ಕೋನದಲ್ಲಿರಿಸಿ ಈ ವೇಗಗಳನ್ನು ಸಮಗೊಳಿಸುವ ಉಪಾಯವು 1962ರಲ್ಲಿ ಪ್ರಕಟವಾಯಿತು.

ಆದರೆ ಆ ಕೋನ ಒಂದು ಬಣ್ಣಕ್ಕೆ ಮಾತ್ರ ಸಲ್ಲುತ್ತದೆ. 1966ರಲ್ಲಿ ವರ್ಣದ್ರವ್ಯ ಲೇಸರೂ 1982ರಲ್ಲಿ ಟೈಟೇನಿಯಂ-ನೀಲಮಣಿ ಲೇಸರೂ ಬಂದು ಬಣ್ಣವನ್ನು ಇಚ್ಛೆಯಂತೆ ಬದಲಿಸುವುದು ಸಾಧ್ಯವಾದಾಗ, ಪ್ರತಿ ಬದಲಾವಣೆಗೂ ಸ್ಫಟಿಕವನ್ನು ತಿರುಗಿಸಬೇಕಾಯಿತು. ಸ್ಫಟಿಕವನ್ನು ತೆಳುವಾಗಿಸಿದರೆ ಹೆಚ್ಚು ಬಣ್ಣಗಳು ಒಳಗೊಳ್ಳುತ್ತವೆ, ಇಳುವರಿ ಮಾತ್ರ ಕುಗ್ಗುತ್ತದೆ. ಇದಕ್ಕೆ ದೊರೆತ ಪರಿಹಾರ ಸರಳವಾದುದು: ಬೆಳಕನ್ನು ಮೊದಲೇ ಬಿಡಿಸಿ, ಒಂದೊಂದು ಬಣ್ಣವೂ ತನಗೊಪ್ಪುವ ಕೋನದಲ್ಲಿಯೇ ಸ್ಫಟಿಕವನ್ನು ಹೊಗುವಂತೆ ಮಾಡಿ, ಹೊರಬಂದುದನ್ನು ಮತ್ತೆ ಒಗ್ಗೂಡಿಸುವುದು. 1998ರಲ್ಲಿ ರಿಚ್‌ಮನ್, ಬಿಸನ್, ಟ್ರೆಬಿನೋ ಮೊದಲಾದವರು ಕೇವಲ ಪ್ರಿಸಂಗಳಿಂದ ಇದನ್ನು ದಕ್ಷವಾಗಿ ಸಾಧಿಸಿ ತೋರಿಸಿದರು.

ಈ ಎಲ್ಲ ಉಪಾಯಗಳಿಗೂ ಆಧಾರ ಕಲೆಯಿಲ್ಲದ, ಬಿರುಕಿಲ್ಲದ ಸ್ಫಟಿಕ. ಕರ್ನಾಟಕದ ಕೊಡುಗೆಯನ್ನು ಗುರುತಿಸಬೇಕಾದುದು ಇಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ಎಚ್. ಎಲ್. ಭಟ್ ಮತ್ತು ಅವರ ಶಿಷ್ಯರು ಎಲ್-ಆರ್ಜಿನೀನ್ ಫಾಸ್ಫೇಟ್, ಪೊಟ್ಯಾಸಿಯಂ ಟೈಟಾನೈಲ್ ಫಾಸ್ಫೇಟ್ ಮುಂತಾದ ಸ್ಫಟಿಕಗಳನ್ನು ಬೆಳೆಸಿ ಅವುಗಳ ಗುಣದೋಷಗಳನ್ನು ಅಭ್ಯಸಿಸಿದರು. ಮೊದಲನೆಯದು ನೀರಿನ ದ್ರಾವಣದಲ್ಲಿ ಬೆಳೆಯುತ್ತದೆ. ಎರಡನೆಯದು ಕರಗುವ ಮುನ್ನವೇ ವಿಘಟಿಸುವುದರಿಂದ, ಅದನ್ನು ಅಧಿಕ ತಾಪದ ಲವಣದ್ರಾವಣದಲ್ಲಿ ನಿಧಾನವಾಗಿ ತಣಿಸುತ್ತ ಬೆಳೆಸಬೇಕು. ತಾಪದ ಅಲ್ಪ ಏರುಪೇರಿಗೂ ಸ್ಫಟಿಕದಲ್ಲಿ ದೋಷ ಉಳಿಯುತ್ತದೆ. ಆ ದೋಷ ಬೆಳಕನ್ನು ಚದುರಿಸುತ್ತದೆ.

ಲೇಸರಿನ ಚರಿತ್ರೆಯು ಬಹುಮಟ್ಟಿಗೆ ಉಪಕರಣಗಳ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ದ್ರಾವಣದ ಮುಂದೆ ವಾರಗಟ್ಟಲೆ ಕಾದವರ ದುಡಿಮೆಯನ್ನು ಸೇರಿಸದೆ ಅದು ಪೂರ್ಣವಾಗದು.