ಗಾಜಿನ ತೊಟ್ಟಿಯೂ ಕೆರೆಯ ಏರಿಯೂ

ಮನೆಯಲ್ಲಿ ಮೀನು ಸಾಕುವವರಿಗೆ ಒಂದಲ್ಲ ಒಂದು ದಿನ ಒದಗುವ ಪೇಚು ಇದು: ತೊಟ್ಟಿಯನ್ನು ಇನ್ನೊಂದಡಿ ಎತ್ತರದಲ್ಲಿಡಬೇಕು, ನೀರು ಹೋಗಿಬರುವ ಕೊಳವೆಗಳನ್ನು ಬದಲಿಸಬೇಕು, ಆದರೆ ಮೀನು ಸಾಯಬಾರದು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯಲ್ಲಿ ಸುಮಾರು 255 ಲೀಟರು ನೀರು ಹಿಡಿಯುತ್ತದೆ. ನೀರೊಂದರ ತೂಕವೇ ಕಾಲು ಟನ್ನು. ನಾಲ್ಕು ಜನ ಹಿಡಿದೆತ್ತುವಾಗ ಒಂದು ಮೂಲೆ ತುಸು ಓರೆಯಾದರೂ ಗಾಜಿನ ಸಂದು ಬಿಡುವ ಭಯ. ಆದ್ದರಿಂದ ಬಲ್ಲವರು ತುಂಬಿದ ತೊಟ್ಟಿಯನ್ನು ಎತ್ತುವುದಿಲ್ಲ.

ಇದೇನು ಪಟ್ಟಣದ ಹವ್ಯಾಸಿಗಳ ರಗಳೆ ಎಂದು ವಾಚಕರು ನಗಬಹುದು. ಆದರೆ ನಮ್ಮ ತುಮಕೂರು ಸೀಮೆಯ ಜನ ಇದೇ ಪ್ರಶ್ನೆಯನ್ನು ಶತಮಾನಗಳಿಂದ ಎದುರಿಸುತ್ತ ಬಂದಿದ್ದಾರೆ. ಅವರ ತೊಟ್ಟಿಗೆ ಗಾಜಿನ ಬದಲು ಮಣ್ಣಿನ ಏರಿ. ಕೊಳವೆಯ ಬದಲು ತೂಬು. ಹೆಚ್ಚಾದ ನೀರಿಗೆ ಕೋಡಿ. ತೂಬು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚಲು ನೀರಗಂಟಿ. ಕೆರೆಯೆಂದರೆ ಊರೇ ಸಾಕಿದ ಮೀನಿನ ತೊಟ್ಟಿ ಎಂದರೂ ತಪ್ಪಾಗದು.

ಗಾಜಿನ ತೊಟ್ಟಿಯ ಚರಿತ್ರೆ ದೊಡ್ಡದೇನಲ್ಲ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನು ಮೀನು, ಜಲಸಸ್ಯ, ಬಸವನಹುಳು ಇವುಗಳನ್ನು ಒಟ್ಟಿಗೆ ಇಟ್ಟರೆ ನೀರನ್ನು ಪದೇ ಪದೇ ಬದಲಿಸಬೇಕಿಲ್ಲವೆಂದು ತೋರಿಸಿಕೊಟ್ಟ. 1853ರಲ್ಲಿ ಆ ನಗರದ ಮೃಗಾಲಯದಲ್ಲಿ ಮತ್ಸ್ಯಾಲಯ ತೆರೆಯಿತು. ನಮ್ಮ ಕಡೆ 1909ರಲ್ಲಿ ಮದರಾಸಿನ ಕಡಲ ದಂಡೆಯಲ್ಲಿ ಒಂದು ಮತ್ಸ್ಯಾಲಯವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿಹೋಯಿತು. ಬೆಂಗಳೂರಿನ ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯ 1983ರದು.

ಈ ನಡುವೆ ಬಹು ಮುಖ್ಯವಾದ ಸಂಗತಿಯೊಂದು ಬೆಳಕಿಗೆ ಬಂತು. ಮೀನಿನ ಮಲಮೂತ್ರದಿಂದ ಅಮೋನಿಯ ಉಂಟಾಗುತ್ತದೆ; ಅದು ಮೀನಿಗೇ ವಿಷ. ಆ ವಿಷವನ್ನು ಹಂತಹಂತವಾಗಿ ನೈಟ್ರೇಟನ್ನಾಗಿ ಮಾರ್ಪಡಿಸುವ ಅಣುಜೀವಿಗಳುಂಟೆಂದು ರಷ್ಯದ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿದ. ತೊಟ್ಟಿಯಲ್ಲಿ ಈ ಜೀವಿಗಳ ವಾಸ ಮರಳಿನ ಮೇಲೆ, ಕಲ್ಲಿನ ಮೇಲೆ, ಶೋಧಕದ ಅರಿವೆಯಲ್ಲಿ. ಇವು ಒಣಗಿದರೆ ಸಾಯುತ್ತವೆ. ಆಗ ಮೀನನ್ನು ಎಷ್ಟೇ ಜೋಪಾನವಾಗಿ ಹಿಡಿದು ಬಕೆಟ್ಟಿನಲ್ಲಿಟ್ಟು ಮರಳಿ ಬಿಟ್ಟರೂ ವಾರದೊಳಗೆ ಅದು ತೇಲುತ್ತದೆ. ಆದ್ದರಿಂದಲೇ ಬಲ್ಲವರು ಮೀನಿನೊಡನೆ ಹಳೆಯ ನೀರನ್ನೂ ಒದ್ದೆ ಮರಳನ್ನೂ ಕಾಪಾಡುತ್ತಾರೆ. ಕೊಳವೆಗಳನ್ನು ಒಂದೊಂದಾಗಿ ಬದಲಿಸುತ್ತಾರೆ. ಹೊಸ ನೀರನ್ನು ಸ್ವಲ್ಪಸ್ವಲ್ಪವಾಗಿ ಕೂಡಿಸುತ್ತಾರೆ. ಉಳಿಸಬೇಕಾದದ್ದು ಮೀನೊಂದನ್ನೇ ಅಲ್ಲ, ಅದರ ನೀರಿನ ಬಾಳನ್ನು.

ಈಗ ಕೆರೆಗೆ ಬರೋಣ. ಆಂಧ್ರದ ಪೊರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರನು ಕಟ್ಟಿಸಿದ ಆ ಕೆರೆಗೆ ಸಾವಿರ ಆಳುಗಳೂ ನೂರು ಗಾಡಿಗಳೂ ಎರಡು ವರ್ಷ ದುಡಿದುವಂತೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಶಾಸನ ಎಣಿಸುತ್ತದೆ: ಗಟ್ಟಿ ನೆಲ, ಸಿಹಿನೀರಿನ ಹೊಳೆ, ಜಲಶಾಸ್ತ್ರ ಬಲ್ಲವನು ಇತ್ಯಾದಿ. ಅದರಲ್ಲಿ ಮೀನಿನ ಮಾತಿಲ್ಲ. ಇದ್ದರೆ ತಾನೇ ಆಶ್ಚರ್ಯ! ಕೆರೆ ಕಟ್ಟಿದ್ದು ಭತ್ತಕ್ಕಾಗಿ. ಮೀನು ತಾನಾಗಿ ಬಂದು ಸೇರಿದ ಒಕ್ಕಲು.

ಆದರೂ ಆ ಒಕ್ಕಲು ಉಳಿಯಿತು. ಹೇಗೆ? ಕಟ್ಟಿದ ಕೆರೆಯನ್ನು ಕಾಪಾಡಲು ಬಿತ್ತುವಟ್ಟ, ಕೆರೆಗೊಡಗೆ ಎಂದು ಭೂಮಿ ಬಿಡುತ್ತಿದ್ದುದು ನಮ್ಮ ಶಾಸನಗಳಿಂದ ತಿಳಿಯುತ್ತದೆ. ಬೇಸಗೆಯಲ್ಲಿ ನೀರಿಳಿದಾಗ ರೈತರು ಗಾಡಿ ಹೂಡಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಒಣಗಿದ ಅಂಚಿನಲ್ಲಿ ಕೆಲಸ. ತೂಬಿನ ಬಾಯಿಗಿಂತ ಆಳವಾದ ಗುಂಡಿಯಲ್ಲಿ ನೀರು. ಗಾಳಿಯನ್ನೇ ಕುಡಿದು ಬದುಕಬಲ್ಲ ಕೊರವ, ಚೇಳುಮೀನುಗಳು ಅಲ್ಲಿ ದಿನ ನೂಕುತ್ತಿದ್ದುವು. ಊರವರು ಹಿಡಿದು ತಿಂದದ್ದು ಹೋಗಿ ಉಳಿದದ್ದು ಮುಂದಿನ ಮಳೆಗೆ ಬೀಜ. ಇದನ್ನು ಹಿರಿಯರ ಮತ್ಸ್ಯದಯೆ ಎಂದು ಹೊಗಳಬೇಕಾಗಿಲ್ಲ. ಎತ್ತಿನ ಗಾಡಿಗೆ ಅದಕ್ಕಿಂತ ವೇಗವಿರಲಿಲ್ಲ, ಅಷ್ಟೆ. ಆ ನಿಧಾನವೇ ಮೀನನ್ನು ಕಾಯಿತು.

1866ರಲ್ಲಿ ಮೇಜರ್ ಸ್ಯಾಂಕಿ, ಮೈಸೂರು ಸಂಸ್ಥಾನದ ನೂರಕ್ಕೆ ಅರುವತ್ತರಷ್ಟು ನೆಲವೆಲ್ಲ ಕೆರೆಗಳ ಕಟ್ಟಿಗೆ ಒಳಪಟ್ಟಿದೆ, ಹೊಸ ಕೆರೆಗೆ ಜಾಗ ಹುಡುಕುವುದೇ ಜಾಣತನದ ಕೆಲಸ ಎಂಬರ್ಥದ ಮಾತು ಬರೆದ. ಹಾಗಾದ ಮೇಲೆ ಉಳಿದ ದಾರಿ ಇದ್ದ ಕೆರೆಯನ್ನು ತಿದ್ದುವುದು.

ಈ ತಿದ್ದುಪಾಟಿಗೆ ಮೀನು ತೆರುವ ಬೆಲೆಯೇನು? ದೇವರಾಯನದುರ್ಗದಲ್ಲಿ ಹುಟ್ಟಿದ ಶಿಂಷೆಯನ್ನೇ ನೋಡಿ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಅದಕ್ಕೆ ಏರಿ ಅಡ್ಡ. ಸೀತೆಯ ಕೋರಿಕೆಯಂತೆ ರಾಮನೇ ಅದನ್ನು ಕಟ್ಟಿಸಿದನೆಂಬುದು ಐತಿಹ್ಯ. ಕುಣಿಗಲ್ ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿಯ ಕಟ್ಟೆ ಅಡ್ಡ. ಮಾರ್ಕೋನಹಳ್ಳಿಯಲ್ಲಿರುವುದು ಸ್ವಯಂಚಾಲಿತ ಸೈಫನ್. ನೀರು ಗೊತ್ತಾದ ಮಟ್ಟ ಮೀರಿದೊಡನೆ ಕೊಳವೆಯ ಗಾಳಿ ಹೊರದೂಡಲ್ಪಟ್ಟು ನೀರು ತಾನಾಗಿ ಹೀರಲ್ಪಡುತ್ತದೆ. ಮಟ್ಟ ಇಳಿದು ಗಾಳಿ ಒಳನುಗ್ಗಿದಾಗ ನಿಲ್ಲುತ್ತದೆ. ಗಾಜಿನ ತೊಟ್ಟಿಯನ್ನು ರಬ್ಬರು ಕೊಳವೆಯಿಂದ ಬರಿದು ಮಾಡುವ ಉಪಾಯವೇ ಇಲ್ಲಿ ನದಿಯ ಗಾತ್ರಕ್ಕೆ ಬೆಳೆದಿದೆ. ಆದರೆ ಆ ದಾರಿಯಲ್ಲಿ ಕೆಳಗಿಳಿದ ಮೀನು ಮರಳಿ ಮೇಲೇರಲಾರದು. ಅಡ್ಡಗಟ್ಟೆಗಳು ಮೀನಿನ ದಾರಿ ಕಟ್ಟುತ್ತವೆ, ಅದಕ್ಕೊಂದು ಕಂಡಿ ಬಿಡಬೇಕು ಎಂದು ಫ್ರಾನ್ಸಿಸ್ ಡೇ ಎಂಬ ವೈದ್ಯ 1873ರ ತನ್ನ ವರದಿಯಲ್ಲೇ ವಾದಿಸಿದ್ದ.

ಈಗಿನ ಕಾಲಕ್ಕೆ ಎತ್ತಿನ ಗಾಡಿ ಹೋಗಿ ಜೆಸಿಬಿ ಬಂದಿದೆ. ವರ್ಷಗಟ್ಟಲೆ ನಡೆಯುತ್ತಿದ್ದ ಕೆಲಸ ವಾರಗಳಲ್ಲಿ ಮುಗಿಯುತ್ತದೆ. ಹೂಳು ತೆಗೆಯಬಾರದೆಂದು ನಾನು ಹೇಳುವುದಿಲ್ಲ. ಹೂಳು ತುಂಬಿದ ಕೆರೆ ರೈತನಿಗೂ ಇಲ್ಲ, ಮೀನಿಗೂ ಇಲ್ಲ. ಆದರೆ ಅಳಿದುಳಿದ ನೀರಿನಲ್ಲೇ ಯಂತ್ರವಿಳಿದು ಕಪ್ಪು ಕೆಸರನ್ನು ಕದಡಿದರೆ ನೀರಿನ ಆಮ್ಲಜನಕ ಕೆಸರಿನ ಪಾಲಾಗುತ್ತದೆ. ಮೊದಲೇ ಬೇಸಗೆ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯ ನೀರಿಗೆ ಹಿಡಿಯುವುದು ಏಳೂವರೆ ಮಾತ್ರ. ಬೆಳಗಾಗುವಾಗ ಕಾಟ್ಲಾ, ರೋಹುಗಳು ಬಾಯಿ ಮೇಲೆ ಮಾಡಿ ತೇಲುತ್ತವೆ. ಅವುಗಳ ಮರಿ ಬಿಟ್ಟು ಬೆಳೆಸಿದ ಬೆಸ್ತರ ವರ್ಷದ ಸಂಪಾದನೆ ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಇನ್ನು ನಗರದ ಕೆರೆಗಳಲ್ಲಿ ವಾಯುವಿಹಾರದ ಹಾದಿಗಾಗಿ ಸುತ್ತಲೂ ಕಲ್ಲು ಕಟ್ಟಿದರೆ, ಹೊಸನೀರಿಗೆ ಏರಿಬಂದು ಮೊಟ್ಟೆಯಿಡುವ ಮೀನುಗಳಿಗೆ ತೆಳುನೀರಿನ ಹುಲ್ಲುದಂಡೆಯೇ ಇಲ್ಲವಾಗುತ್ತದೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಕೆರೆಯನ್ನು ಭಾಗ ಮಾಡಿ ಒಂದೊಂದು ಬೇಸಗೆಗೆ ಒಂದೊಂದು ಭಾಗದ ಹೂಳು ತೆಗೆಯಬಹುದು. ಆಳದ ಗುಂಡಿಯನ್ನು ಮುಟ್ಟದೆ ಬಿಡಬಹುದು. ನೀರು ಬರುವ ಮೂಲೆಯಲ್ಲಿ ಜೊಂಡನ್ನೂ ಹಳೆಯ ಕೆಸರನ್ನೂ ಉಳಿಸಬಹುದು. ಕೆಲಸ ಹಿಡಿಯುವ ಮುನ್ನ ಬೆಸ್ತರಿಗೆ ತಿಳಿಸಿ, ಬೆಳೆದ ಮೀನು ಹಿಡಿದುಕೊಳ್ಳಲು ಕಾಲಾವಕಾಶ ಕೊಡಬಹುದು. ಕೆರೆಯ ಅಂದಾಜುಪಟ್ಟಿಯಲ್ಲಿ ಮಣ್ಣಿಗೆ, ಕಲ್ಲಿಗೆ, ಸಿಮೆಂಟಿಗೆ ಒಂದೊಂದು ಕಲಮು ಇರುತ್ತದೆ. ಮೀನಿಗೂ ಒಂದು ಕಲಮು ಇರಲಿ.