ವರ್ಣತಂತುವಿನ ತುದಿಗಾವಲು



ನಮ್ಮ ತಾಯಂದಿರು ಹೊಸ ಸೀರೆಯ ಸೆರಗಿನ ಎಳೆಗಳನ್ನು ಗಂಟಿಕ್ಕಿ ಕುಚ್ಚು ಕಟ್ಟುವುದನ್ನು ತಾವೆಲ್ಲ ಕಂಡಿದ್ದೀರಿ. ಜೀವಕೋಶದೊಳಗಿನ ವರ್ಣತಂತುಗಳ ತುದಿಗೂ ಅಂತಹುದೊಂದು ಕಟ್ಟು ಉಂಟು. ಆದರೆ ಅಲ್ಲಿನ ಭಯ ಎಳೆ ಬಿಚ್ಚೀತೆಂಬುದಕ್ಕಿಂತ ಮಿಗಿಲಾದುದು. ಕೋಶದ ದುರಸ್ತಿ ವ್ಯವಸ್ಥೆಯು ಸಹಜವಾದ ತುದಿಯನ್ನೇ ಹರಿದ ಅಂಚೆಂದು ತಿಳಿದು, ಮತ್ತೊಂದು ವರ್ಣತಂತುವಿಗೆ ಹೊಲಿದುಬಿಟ್ಟರೆ?

ಈ ಒಗಟನ್ನು ಮೊದಲು ಗುರುತಿಸಿದವರಲ್ಲಿ ಹರ್ಮನ್ ಮುಲ್ಲರ್ ಒಬ್ಬರು. ಕ್ಷ-ಕಿರಣಗಳಿಂದ ಹಣ್ಣಿನ ನೊಣಗಳ ವರ್ಣತಂತುಗಳನ್ನು ಮುರಿದಾಗ, ಮುರಿದ ತುಂಡುಗಳು ಪರಸ್ಪರ ಕೂಡಿಕೊಂಡವು; ಸಹಜ ತುದಿಗಳು ಮಾತ್ರ ಯಾವುದಕ್ಕೂ ಅಂಟಲಿಲ್ಲ. 1938ರಲ್ಲಿ ಅವರು ಆ ತುದಿಗೆ 'ಟೆಲೋಮಿಯರ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಕೊನೆಯ ಭಾಗ' ಎಂದರ್ಥ. ಅದೇ ಕಾಲದಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಇದನ್ನೇ ಕಂಡರು.

1978ರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಜೋಸೆಫ್ ಗಾಲ್, ಟೆಟ್ರಾಹೈಮೆನಾ ಎಂಬ ಏಕಕೋಶಜೀವಿಯ ಡಿ.ಎನ್.ಎ. ತುದಿಯಲ್ಲಿ ಆರಕ್ಷರದ ಒಂದೇ ಪದ ಮರುಕಳಿಸುವುದನ್ನು ಓದಿದರು. ಮಾನವನ ಆರಕ್ಷರವೂ 1988ರಲ್ಲಿ ತಿಳಿಯಿತು. ಆದರೆ ಅಕ್ಷರಗಳು ತಾವಾಗಿ ಕಾವಲು ಕಾಯಲಾರವು. ಅವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು ಬೇಕು. ನ್ಯೂಯಾರ್ಕಿನಲ್ಲಿ ಟಿಟಿಯಾ ಡಿ ಲಾಂಗೆ ಅವರ ತಂಡ 1995ರಲ್ಲಿ ಟಿ.ಆರ್.ಎಫ್.1 ಎಂಬುದನ್ನು ಪ್ರಕಟಿಸಿತು, ಟಿ.ಆರ್.ಎಫ್.2 ಅದನ್ನು ಹಿಂಬಾಲಿಸಿತು. ಇವೆರಡೂ ಜೋಡಿ ಎಳೆಯನ್ನು ಹಿಡಿಯುತ್ತವೆ. ತುದಿಯಲ್ಲಿ ಒಂದೆಳೆ ತುಸು ಹೊರಚಾಚಿರುತ್ತದೆ. ಅದನ್ನು ಹಿಡಿಯುವ ಪಾಟ್1 ಪ್ರೋಟೀನನ್ನು ಪೀಟರ್ ಬೌಮನ್ ಮತ್ತು ಥಾಮಸ್ ಚೆಕ್ 2001ರಲ್ಲಿ ವರದಿ ಮಾಡಿದರು. ಇಂತಹ ಆರು ಪ್ರೋಟೀನುಗಳ ಕೂಟಕ್ಕೆ 2005ರಲ್ಲಿ 'ಶೆಲ್ಟರಿನ್' ಎಂಬ ಹೆಸರು ಬಂದಿತು.

ನನ್ನನ್ನು ಬೆರಗುಗೊಳಿಸಿದ್ದು 1998ರ ಪ್ರಯೋಗ. ಟಿ.ಆರ್.ಎಫ್.2ರ ಕಾರ್ಯವನ್ನು ತಡೆದೊಡನೆ ಮಾನವಕೋಶದಲ್ಲಿ ತುದಿಗೆ ತುದಿ ಬೆಸೆದುಕೊಂಡಿತು. ಮುಲ್ಲರರ ಪ್ರಶ್ನೆಗೆ ಅರವತ್ತು ವರ್ಷಗಳ ನಂತರ ದೊರೆತ ಉತ್ತರವಿದು! ಮರುವರ್ಷವೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮತ್ತೊಂದು ಗುಟ್ಟು ಕಂಡಿತು: ಕೆಲಸಕ್ಕಿಳಿದ ಗೃಹಿಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸುವಂತೆ, ತುದಿಯ ಒಂದೆಳೆ ಹಿಂದಕ್ಕೆ ಬಾಗಿ ಒಳಗೆ ಅಡಗಿಕೊಂಡಿರುತ್ತದೆ.

ಈ ಶೋಧಗಳು ನಡೆಯುತ್ತಿದ್ದ ವರ್ಷಗಳಲ್ಲಿ ನಾನು ಎಂ.ಬಿ.ಬಿ.ಎಸ್. ವಿದ್ಯಾರ್ಥಿ, ನಮ್ಮ ಪಠ್ಯದಲ್ಲಿ ಇವುಗಳ ಸುಳಿವೇ ಇರಲಿಲ್ಲ. ಅಸ್ಥಿಮಜ್ಜೆ ಬತ್ತಿದ ಮಗುವಿನ ಉಗುರು, ನಾಲಿಗೆಗಳನ್ನು ತಪ್ಪದೆ ನೋಡೆಂದು ಮುಂದೆ ವಿದೇಶದಲ್ಲಿ ಹಿರಿಯ ವೈದ್ಯರೊಬ್ಬರು ಹೇಳಿದಾಗ ನಾನು ಕಾರಣ ಅರಿಯದೆಯೇ ನೋಡುತ್ತಿದ್ದೆ. ಉಗುರು ಸವೆದು, ನಾಲಿಗೆಯಲ್ಲಿ ಬಿಳಿಯ ಕಲೆಗಳೆದ್ದ ಅಂತಹ ಕೆಲವು ಮಕ್ಕಳಲ್ಲಿ ಶೆಲ್ಟರಿನ್ನಿನ ಸದಸ್ಯನಾದ ಟಿನ್2 ಕೆಟ್ಟಿರುತ್ತದೆಂದು 2008ರಲ್ಲಿ ಗೊತ್ತಾಯಿತು. ಈಗ ಮಜ್ಜೆಯನ್ನು ಕೊಡಲು ಮುಂದೆ ಬರುವ ಒಡಹುಟ್ಟಿದವರನ್ನೂ ಮೊದಲು ಪರೀಕ್ಷಿಸುತ್ತಾರೆ. ಆರೋಗ್ಯವಂತನಂತೆ ಕಾಣುವ ಅಣ್ಣನ ಕೋಶಗಳಲ್ಲಿಯೂ ಅದೇ ದೋಷ ಅಡಗಿರಬಹುದು.